ರಸ್ತೆಯನ್ನು ಕೇಳಲು ಕಲಿಸಿದವರು

ಶಿಕ್ಷಕರೆನ್ನಿಸಿಕೊಂಡವರು ಸಾಮಾನ್ಯವಾಗಿ ವಿದ್ಯಾರ್ಥಿಗಳ ಎದುರಿಗೆ ನಿಂತು ಪಾಠ ಹೇಳುತ್ತಾರೆ. ಈ ತಿಂಗಳು ನಮ್ಮ ಅಂಧರ ತರಬೇತಿ ಕೇಂದ್ರದ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಶಿಕ್ಷಕಿಯವರು ತಮ್ಮ ವೃತ್ತಿಜೀವನದ ಬಹುಭಾಗವನ್ನು ವಿದ್ಯಾರ್ಥಿಗಳ ಬೆನ್ನ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಆದರೆ ಕೈಚಾಚದೆ, ಬಿಸಿಲು ಹೊಗೆ ಹಾರ್ನುಗಳ ನಡುವೆ ನಿಂತು ಕಳೆದವರು. ಕಣ್ಣಿಲ್ಲದವರಿಗೆ ಓದು ಕಲಿಸಿದವರು ಬಹಳ ಮಂದಿ ಇದ್ದಾರೆ. ಸಂಗೀತ ಕಲಿಸಿದವರು, ಬೆತ್ತದ ಕುರ್ಚಿ ಹೆಣೆಯಲು ಕಲಿಸಿದವರು ಇನ್ನೂ ಬಹಳ ಮಂದಿ. ಆದರೆ ಕಣ್ಣಿಲ್ಲದ ಮನುಷ್ಯನೊಬ್ಬ ಯಾರ ಕೈಯನ್ನೂ ಹಿಡಿಯದೆ ನಾಲ್ಕು ರಸ್ತೆ ಕೂಡುವಲ್ಲಿ ಈ ದಡದಿಂದ ಆ ದಡಕ್ಕೆ ಹೋಗಬಲ್ಲ, ಅದು ಪವಾಡವಲ್ಲ, ಅಭ್ಯಾಸದಿಂದ ಬರುವ ವಿದ್ಯೆ ಎಂದು ನಂಬಿ, ಆ ನಂಬಿಕೆಯನ್ನು ದಿನಕ್ಕೊಬ್ಬರ ಕಾಲಿಗೆ ತುಂಬಿದವರು ನಾನು ಬಲ್ಲಂತೆ ಇವರೊಬ್ಬರೇ.

ಈ ಅಭಿನಂದನ ಸಂಪುಟದಲ್ಲಿ ಅವರನ್ನು ಪೂರ್ಣ ಗೌರವದಿಂದ ಸಂಬೋಧಿಸಬೇಕೆಂದು ಸಂಪಾದಕರು ಸೂಚಿಸಿದ್ದಾರೆ. ಆದರೂ ಕೇಂದ್ರದಲ್ಲಿ ಅವರಿಗೆ ಹುಟ್ಟಿಕೊಂಡ ಹೆಸರನ್ನು ಬಿಟ್ಟು ನನಗೆ ಅವರ ಬಗ್ಗೆ ಒಂದು ವಾಕ್ಯವೂ ಬರೆಯಲು ಬರುವುದಿಲ್ಲ. ಮೊದಲು ಅವರು ಶಾಲೆಯೊಂದರಲ್ಲಿ ಕವಾಯತು ಕಲಿಸುವ ಶಿಕ್ಷಕಿಯಾಗಿದ್ದರು. ಅಲ್ಲಿಂದ ನಮ್ಮ ಕೇಂದ್ರಕ್ಕೆ ಬಂದಾಗ ಕವಾಯತಿನ ಗಂಟಲನ್ನೂ ಜೊತೆಗೆ ತಂದಿದ್ದರು. ಹೆಣ್ಣುಮಕ್ಕಳು ಅವಸರಪಟ್ಟು ರಸ್ತೆಗೆ ಕಾಲಿಟ್ಟರೆ ಹಿಂದಿನಿಂದ "ನಿಲ್ಲಮ್ಮಾ!" ಎಂಬ ಕೂಗು ಬರುತ್ತಿತ್ತು. ಆ ಕೂಗಿಗೆ ವಿದ್ಯಾರ್ಥಿಗಳಷ್ಟೇ ಅಲ್ಲ, ಸೈಕಲ್ಲಿನವರೂ ನಿಲ್ಲುತ್ತಿದ್ದರು. ಹಾಗಾಗಿ ಅವರು ನಿಲ್ಲಮ್ಮನವರಾದರು. ಕೈಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದ ಅವರ ಪತಿ, ಯಾವ ಪಾಪವನ್ನೂ ಮಾಡದೆ, ನಿಲ್ಲಪ್ಪನವರಾದರು. ಒಮ್ಮೆ ಕೇಂದ್ರದ ಸಮಾರಂಭದಲ್ಲಿ ಯಾರೋ ಅವರನ್ನು ಹಾಗೆಂದೇ ವೇದಿಕೆಗೆ ಕರೆದಾಗ, "ಗಡಿಯಾರ ರಿಪೇರಿಯವನಿಗೆ ಇದಕ್ಕಿಂತ ಕೆಟ್ಟ ಹೆಸರು ಇಡೋಕೆ ಆಗಲ್ಲ ಕಣ್ರೀ, ಗಿರಾಕಿ ಬರ್ತಾನಾ?" ಎಂದು ಎಲ್ಲರನ್ನೂ ನಗಿಸಿದ್ದರು.

ಅವರು ಕೇಂದ್ರಕ್ಕೆ ಬಂದ ಕಾಲದಲ್ಲಿ ನಡಿಗೆಯ ತರಬೇತಿಯೆಂದರೆ ಅಂಗಳದಲ್ಲಿ ಕೋಲು ಹಿಡಿದು ಗೋಡೆಯಿಂದ ಗೋಡೆಗೆ ಓಡಾಡುವುದಾಗಿತ್ತು. ಗೇಟಿನಾಚೆಗೆ ಹೋಗಬೇಕಾದರೆ ಯಾರಾದರೂ ಕೈಹಿಡಿದು ಕರೆದೊಯ್ಯುತ್ತಿದ್ದರು. ಹೊಸದಾಗಿ ಬಂದ ಈ ಕವಾಯತು ಶಿಕ್ಷಕಿ ಮೊದಲ ತಿಂಗಳು ಯಾರಿಗೂ ಏನನ್ನೂ ಕಲಿಸಲಿಲ್ಲವಂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಳೆಯ ವಿದ್ಯಾರ್ಥಿಯೊಬ್ಬರನ್ನು ಜೊತೆಗಿಟ್ಟುಕೊಂಡು, ಗೇಟಿನಾಚೆಯ ರಸ್ತೆಯ ಅಂಚಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದರಂತೆ. "ಮೊದಲನೇ ದಿನ ಬರೀ ಗದ್ದಲ. ಹತ್ತು ಹನ್ನೆರಡು ದಿನ ಆದ್ಮೇಲೆ ಗದ್ದಲದೊಳಗೆ ಸಾಲುಗಳು ಕೇಳಿಸೋಕೆ ಶುರುವಾದ್ವು" ಎಂದು ಅವರೇ ನನಗೆ ಹೇಳಿದ್ದುಂಟು.

ನಾನು ಅವರ ಕೈಗೆ ಬಂದದ್ದು ಮದುವೆಯಾಗಿ, ಮಗಳು ಹುಟ್ಟಿ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿ ಪಳಗಿದ ಮೇಲೆ. ಕಣ್ಣಿನ ನರಗಳ ಕಾಯಿಲೆಯೊಂದು ಒಂದು ವರ್ಷದೊಳಗೆ ನನ್ನ ದೃಷ್ಟಿಯನ್ನು ಪೂರ್ತಿಯಾಗಿ ಒಯ್ದಿತು. ಊರಿನ ಪ್ರತಿಯೊಂದು ಬೀದಿಯ ಹೆಸರು ನನಗೆ ಬಾಯಿಪಾಠವಾಗಿತ್ತು. ಈಗ ಒಂದು ಬೀದಿಯನ್ನೂ ಒಬ್ಬಳೇ ದಾಟಲಾರದವಳಾದೆ. ಮನೆಯವರು ಕೆಟ್ಟವರಾಗಿದ್ದರೆ ಬಹುಶಃ ನಾನು ಬೇಗ ಹೊರಬೀಳುತ್ತಿದ್ದೆ. ಅವರು ಒಳ್ಳೆಯವರು. ಪಕ್ಕದ ಮನೆಯಲ್ಲೇ ಇದ್ದ ಅಕ್ಕ ನನ್ನನ್ನು ಬಚ್ಚಲಿಗೆ ಹೋಗುವಾಗಲೂ ಹಿಡಿದುಕೊಳ್ಳುತ್ತಿದ್ದಳು. "ನೀನ್ಯಾಕೆ ಒದ್ದಾಡ್ತೀಯೆ, ನಾನು ಸತ್ತಿದೀನಾ?" ಎನ್ನುವುದು ಅವಳ ಖಾಯಂ ಮಾತು. ಮಗಳನ್ನು ಶಾಲೆಗೆ ಬಿಡುವವಳೂ ಅಕ್ಕನೇ, ಕರೆತರುವವಳೂ ಅಕ್ಕನೇ. ಒಂದು ದಿನ ಮಗಳು ಏನೋ ಬೇಕೆಂದು "ಅಮ್ಮಾ" ಎಂದು ಕರೆದಳು. ನಾನು "ಏನು ಪುಟ್ಟಾ" ಎಂದೆ. "ನಿನ್ನಲ್ಲ, ದೊಡ್ಡಮ್ಮನ್ನ ಕರೆದೆ" ಎಂದಳು. ಮಾರನೆಯ ದಿನ ನಾನು ತರಬೇತಿ ಕೇಂದ್ರಕ್ಕೆ ಸೇರಿದೆ.

ನಿಲ್ಲಮ್ಮನವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿನಗೆ ಎಲ್ಲಿಗೆ ಹೋಗ್ಬೇಕು?"

ನಾನು ಕಲಿಯಬೇಕು, ಬದುಕಬೇಕು ಎಂದೆಲ್ಲ ಏನೋ ಒದರಿದೆ.

"ಅದೆಲ್ಲ ಆಮೇಲೆ. ಜಾಗ ಹೇಳಮ್ಮ, ಜಾಗ."

"ನನ್ನ ಮಗಳ ಶಾಲೆಗೆ" ಎಂದೆ.

"ಮಧ್ಯೆ ದೊಡ್ಡ ಚೌಕ ಬರುತ್ತಲ್ವಾ? ಸರಿ, ಹೋಗೋಣ" ಎಂದರು, ನಾವು ಪಕ್ಕದ ಕೋಣೆಗೆ ಹೊರಟವರಂತೆ.

ಆ ದೊಡ್ಡ ಚೌಕದ ಬಗ್ಗೆ, ಮತ್ತು ಅದನ್ನು ದಾಟುವ ಬಗೆಯ ಬಗ್ಗೆ, ಕಣ್ಣಿರುವ ಓದುಗರಿಗೆ ಸ್ವಲ್ಪ ಹೇಳುವುದು ಅಗತ್ಯ. ಸಿಗ್ನಲ್ಲಿನ ಹಸಿರು ದೀಪ ನಮಗೆ ಕಾಣುವುದಿಲ್ಲ, ನಿಜ. ಆದರೆ ಆ ದೀಪವನ್ನು ಕಂಡ ವಾಹನಗಳು ಏನು ಮಾಡುತ್ತವೆ ಎಂಬುದು ಕೇಳಿಸುತ್ತದೆ. ನಮ್ಮ ಮುಂದೆ ಅಡ್ಡಲಾಗಿ ಹರಿಯುವ ಸಾಲು ಕುಗ್ಗಿ ನಿಲ್ಲಬೇಕು. ನಮ್ಮ ಪಕ್ಕದಲ್ಲಿ, ನಾವು ಹೋಗಬೇಕಾದ ದಿಕ್ಕಿಗೇ ಮುಖಮಾಡಿ ನಿಂತ ಸಾಲು ಒಟ್ಟಿಗೆ ಗುರ್ರೆಂದು ಹೊರಡಬೇಕು. ಪಕ್ಕದ ಸಾಲಿನ ಆ ಹೊರಡುವಿಕೆಯೇ ನಮ್ಮ ಹಸಿರು. ಹೊಸಬರು ಎದುರಿನ ಸದ್ದು ಅಡಗಿದ ಕೂಡಲೇ ಕಾಲೆತ್ತುತ್ತಾರೆ. ನಿಲ್ಲಮ್ಮನವರು ಅದನ್ನು ಸಹಿಸುತ್ತಿರಲಿಲ್ಲ. "ಎದುರಿನ ಮೌನಾನ ನಂಬಬೇಡ. ಮೌನ ಅಂದ್ರೆ ಯಾರೂ ಇಲ್ಲ ಅಂತಲ್ಲ. ಪಕ್ಕದವರು ಹೊರಟ್ರೆ ಮಾತ್ರ ಹೊರಡು" ಎನ್ನುತ್ತಿದ್ದರು. ತಡವಾಗಿ ಗೊತ್ತಾದರೆ ಆ ಹಸಿರನ್ನು ಬಿಟ್ಟುಬಿಡಬೇಕು. ಅದು ಎಷ್ಟು ಹೊತ್ತಿನಿಂದ ಉರಿಯುತ್ತಿದೆಯೋ ಯಾರಿಗೆ ಗೊತ್ತು. "ಹಳಸಿದ ಹಸಿರು ಯಾಕೆ? ಬಿಸಿಬಿಸಿಯಾಗಿ ಇನ್ನೊಂದು ಬರುತ್ತೆ" ಎಂಬುದು ಅವರ ಸೂತ್ರ.

ಅದಕ್ಕೂ ಮೊದಲು ನೇರವಾಗಿ ನಿಲ್ಲುವುದನ್ನು ಕಲಿಯಬೇಕು. ನಿಂತಾಗ ಒಂದು ಗೇಣು ಸೊಟ್ಟಗಿದ್ದರೆ ಆಚೆ ಬದಿ ಸೇರುವಷ್ಟರಲ್ಲಿ ಚೌಕದ ನಟ್ಟನಡುವೆ ಇರುತ್ತೇವೆ. ಎದುರಿನ ವಾಹನದ ಸದ್ದು ಒಂದು ಕಿವಿಯಿಂದ ಹುಟ್ಟಿ, ಮೂಗಿನ ಮುಂದೆ ಹಾದು, ಇನ್ನೊಂದು ಕಿವಿಯಲ್ಲಿ ಅಷ್ಟೇ ಸಮನಾಗಿ ಆರಿದರೆ ನಾವು ನೇರವಾಗಿದ್ದೇವೆ ಎಂದರ್ಥ. ಮಳೆ ಬಂದರೆ ಈ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಒದ್ದೆ ರಸ್ತೆಯ ಮೇಲೆ ಚಕ್ರದ ಸದ್ದು ದೂರದ್ದೂ ಹತ್ತಿರದ್ದೂ ಒಂದೇ ಆಗಿಬಿಡುತ್ತದೆ. ಗಾಳಿ ಎದುರಿಗಿದ್ದರೆ ಒಂದು ಪಾಠ, ಬೆನ್ನಿಗಿದ್ದರೆ ಇನ್ನೊಂದು. ಇವೆಲ್ಲಕ್ಕಿಂತ ಕಷ್ಟದ ಪಾಠವೆಂದರೆ ಪರೋಪಕಾರಿಗಳದು. ಕೋಲು ಹಿಡಿದವರನ್ನು ಕಂಡ ಕೂಡಲೇ ಯಾರೋ ಪುಣ್ಯಾತ್ಮರು "ಬನ್ನಿ ಬನ್ನಿ" ಎಂದು ತೋಳು ಹಿಡಿದೆಳೆದು, ನಾವು ದಾಟಬೇಕೆಂದೇ ಇರದ ರಸ್ತೆಯನ್ನು ದಾಟಿಸಿ, ಕೃತಾರ್ಥರಾಗಿ ಹೊರಟುಹೋಗುತ್ತಾರೆ. ನಾನು ಅಂಚೆಯವಳು, ತಪ್ಪು ವಿಳಾಸಕ್ಕೆ ಬಟವಾಡೆಯಾದ ಕಾಗದದ ಪಾಡು ಏನೆಂದು ಆಗಲೇ ನನಗೆ ತಿಳಿದದ್ದು. "ಬೈಬೇಡ, ಅವರ ಮನಸ್ಸು ಒಳ್ಳೇದು. 'ನನ್ನ ಹಿಡೀಬೇಡಿ, ನಾನೇ ನಿಮ್ಮ ಮೊಳಕೈ ಹಿಡ್ಕೋತೀನಿ' ಅನ್ನು. ಹಿಡಿಯೋದು ನೀನಾದ್ರೆ ಬಿಡೋದೂ ನಿನ್ನ ಕೈಲೇ ಇರುತ್ತೆ" ಎಂದು ನಿಲ್ಲಮ್ಮನವರು ಕಲಿಸಿದರು. ರಸ್ತೆಯ ಮಟ್ಟಿಗೆ ಹೇಳಿದ ಈ ಮಾತನ್ನು ನಾನು ಮನೆಯಲ್ಲೂ ಬಳಸಿ ಗೆದ್ದಿದ್ದೇನೆ.

ಹಲವು ತಿಂಗಳ ಅಭ್ಯಾಸದ ಮೇಲೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ, ನಾನೊಬ್ಬಳೇ ಚೌಕ ದಾಟುವ ದಿನ ಬಂತು. ನನ್ನ ಹಿಂದೆ ನಿಲ್ಲಮ್ಮನವರು. ಅವರ ಹಿಂದೆ, ಯಾರು ಎಷ್ಟು ಬೇಡವೆಂದರೂ ಕೇಳದೆ ಬಂದ ನನ್ನ ಅಕ್ಕ. ನಾನು ಅಂಚಿನಲ್ಲಿ ನಿಂತು ಒಂದು ಹಸಿರನ್ನು ಬಿಟ್ಟೆ, ಇನ್ನೊಂದನ್ನೂ ಬಿಟ್ಟೆ. ಮೂರನೆಯದಕ್ಕೆ ಪಕ್ಕದ ಸಾಲು ಹೊರಟಿತು, ನಾನೂ ಹೊರಟೆ. ನಡುರಸ್ತೆಯಲ್ಲಿ ನನ್ನ ಎದೆಬಡಿತದ ಸದ್ದಿಗೆ ವಾಹನಗಳ ಸದ್ದು ಕೇಳದಾದೀತೆಂದು ಹೆದರಿಕೆಯಾಯಿತು. ಆಮೇಲೆ ಕೋಲಿನ ತುದಿಗೆ ಆಚೆಯ ಫುಟ್‌ಪಾತ್ ಟಕ್ಕೆಂದು ತಾಗಿತು. ಆ ಟಕ್ಕೆಂಬ ಸದ್ದಿನಷ್ಟು ಇಂಪಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹಿಂದೆ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ನಾನು ರಸ್ತೆಗಿಳಿದಾಗ ಅಕ್ಕ ನನ್ನನ್ನು ಹಿಡಿಯಲು ಮುಂದೆ ನುಗ್ಗಿದಳಂತೆ. ನಿಲ್ಲಮ್ಮನವರು ಅವಳನ್ನು ತಡೆದು, ತಮ್ಮ ಕೈಯನ್ನು ಅವಳ ಕೈಗೆ ಕೊಟ್ಟು, "ನಿಮ್ಮ ತಂಗೀನ ಬಿಡಿ, ಬೇಕಾದ್ರೆ ನನ್ನ ಹಿಡ್ಕೊಳ್ಳಿ" ಎಂದರಂತೆ. ನಾನು ಆಚೆ ಸೇರುವವರೆಗೆ ಅಕ್ಕ ಹಿಡಿದ ಹಿಡಿತಕ್ಕೆ ಅವರ ಅಂಗೈಯಲ್ಲಿ ಉಗುರಿನ ಗುರುತುಗಳು ಮೂಡಿ ರಕ್ತ ಜಿನುಗಿತ್ತು. ಅಕ್ಕ ಅಳುತ್ತ ಕ್ಷಮೆ ಕೇಳಿದರೆ, "ನಿಮ್ಮಂಥೋರು ಎಷ್ಟೋ ಜನ ಬಂದಿದಾರೆ ಬಿಡಿ. ಗಂಡಂದಿರು ಇನ್ನೂ ಜೋರಾಗಿ ಹಿಡೀತಾರೆ" ಎಂದರು. ಅಂದು ಶಾಲೆಯ ಗೇಟಿನಲ್ಲಿ ನನ್ನ ಮಗಳು ನನ್ನ ಕೋಲನ್ನು ಎಲ್ಲ ಗೆಳತಿಯರಿಗೂ ಮುಟ್ಟಿಸಿ, "ನಮ್ಮಮ್ಮ ಒಬ್ಳೇ ಬಂದಿದಾಳೆ" ಎಂದು ಸಾರಿದಳು.

ಮುಂದೆ ನಾನು ಅದೇ ಕೇಂದ್ರದಲ್ಲಿ ಬ್ರೈಲ್ ಕಲಿಸುವ ಕೆಲಸಕ್ಕೆ ಸೇರಿದೆ. ವಿದ್ಯಾರ್ಥಿನಿಯಾಗಿದ್ದವಳು ಸಹೋದ್ಯೋಗಿಯಾದೆ. ಹೀಗಾಗಿ ನಿಲ್ಲಮ್ಮನವರ ಸೇವಾವಧಿಯ ಅತ್ಯಂತ ಕಷ್ಟದ ದಿನಗಳನ್ನು ನಾನು ಹತ್ತಿರದಿಂದ ಬಲ್ಲೆ. ಅಭಿನಂದನ ಸಂಪುಟದಲ್ಲಿ ಅದರ ಪ್ರಸ್ತಾಪ ಬೇಡವೆಂದು ಕೆಲವರಿಗೆ ಅನ್ನಿಸಬಹುದು. ನಿಲ್ಲಮ್ಮನವರನ್ನೇ ಕೇಳಿದೆ, "ಅದನ್ನ ಬಿಟ್ಟು ಬರೆದ್ರೆ ನಾನು ಸಮಾರಂಭಕ್ಕೇ ಬರಲ್ಲ" ಎಂದರು.

ಆಗ ನಮ್ಮಲ್ಲೊಬ್ಬ ತರುಣ ವಿದ್ಯಾರ್ಥಿಯಿದ್ದ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದವನು. ಕಣ್ಣು ಹೋದ ಮೇಲೂ ಅವನ ನಡಿಗೆಯ ವೇಗ ಕಡಿಮೆಯಾಗಿರಲಿಲ್ಲವಾದ್ದರಿಂದ ನಾವು ಅವನನ್ನು ಓಟಗಾರ ಎಂದೇ ಕರೆಯುತ್ತಿದ್ದೆವು. ಕಿವಿ ಅಷ್ಟು ಚುರುಕಾದ ವಿದ್ಯಾರ್ಥಿ ತಮಗೆ ಮತ್ತೊಬ್ಬ ಸಿಕ್ಕಿಲ್ಲವೆಂದು ನಿಲ್ಲಮ್ಮನವರು ಹೇಳುತ್ತಿದ್ದರು. ಒಂದು ಬೆಳಿಗ್ಗೆ ದೊಡ್ಡ ಚೌಕದಲ್ಲಿ ಅವನು ಸರಿಯಾಗಿ ನಿಂತ, ಸರಿಯಾಗಿ ಕೇಳಿದ, ಪಕ್ಕದ ಸಾಲು ಹೊರಟಾಗ ಸರಿಯಾಗಿಯೇ ಹೊರಟ. ಆ ಪಕ್ಕದ ಸಾಲಿನಿಂದಲೇ ಸಾಮಾನು ತುಂಬಿದ ವ್ಯಾನೊಂದು ಅಡ್ಡರಸ್ತೆಗೆ ತಿರುಗಿತು. ನಿಲ್ಲಮ್ಮನವರು ಕೂಗಿ ಮುಂದೆ ಹಾರುವಷ್ಟರಲ್ಲಿ ವ್ಯಾನು ಅವನನ್ನು ಕೆಡವಿತ್ತು. ಜೀವಕ್ಕೇನೂ ಆಗಲಿಲ್ಲ, ಬಲಗಾಲು ಎರಡು ಕಡೆ ಮುರಿಯಿತು. ಹುಡುಗನಿಗೂ ಹಸಿರಿತ್ತು, ವ್ಯಾನಿನವನಿಗೂ ಹಸಿರಿತ್ತು. ಆ ಚೌಕವನ್ನು ಕಟ್ಟಿದ್ದೇ ಹಾಗೆ.

ಓಟಗಾರನ ತಂದೆ ಬಸ್ ಚಾಲಕರು. ಆಸ್ಪತ್ರೆಯ ಪಡಸಾಲೆಯಲ್ಲಿ ಅವರು ನಿಲ್ಲಮ್ಮನವರನ್ನು ಕಂಡು, "ಕಣ್ಣಿಲ್ಲದ ಹುಡುಗನ್ನ ಒಬ್ಬನ್ನೇ ರಸ್ತೆಗೆ ಬಿಟ್ರಲ್ಲ ಮೇಡಂ, ನಿಮಗೆ ಮಕ್ಕಳಿಲ್ವಾ?" ಎಂದು ಕೇಳಿದರು. ನಿಲ್ಲಮ್ಮನವರಿಗೆ ಮಕ್ಕಳಿರಲಿಲ್ಲ. ಅವರು ಮಾರನೆಯ ದಿನವೂ ಆಸ್ಪತ್ರೆಗೆ ಹೋದರು, ಅದರ ಮಾರನೆಯ ದಿನವೂ ಹೋದರು. ತಂದೆ ಮುಖ ತಿರುಗಿಸಿ ಕೂರುತ್ತಿದ್ದರು. ಇವರು ಹುಡುಗನ ತಲೆದಿಂಬಿನ ಬಳಿ ಕೂತು ಪತ್ರಿಕೆ ಓದಿ ಹೇಳಿ, ಎದ್ದು ಬರುತ್ತಿದ್ದರು. ಕೇಂದ್ರದ ಆಡಳಿತ ಮಂಡಳಿ ಹೊರಗಿನ ತರಬೇತಿಯನ್ನು ನಿಲ್ಲಿಸಿತು. ಅವರು ವಾದಿಸಲಿಲ್ಲ. ಅಂಗಳದಲ್ಲಿ ಹಗ್ಗ ಕಟ್ಟಿ ರಸ್ತೆಯೆಂದು ಹೇಳಿ ಪಾಠ ಮಾಡುತ್ತಿದ್ದರು. ಕವಾಯತಿನ ಗಂಟಲು ಇಳಿದುಹೋಗಿತ್ತು.

ಆ ದಿನಗಳ ಒಂದು ಸಂಜೆ ನಾನು ಅವರ ಮೊಳಕೈ ಹಿಡಿದು ಬಸ್ ನಿಲ್ದಾಣದ ಕಡೆಗೆ ಹೊರಟಿದ್ದೆ. ಚೌಕದ ಅಂಚಿನಲ್ಲಿ ನಿಂತೆವು. ಪಕ್ಕದ ಸಾಲು ಹೊರಟಿತು. ಅವರು ಹೊರಡಲಿಲ್ಲ. ಹಸಿರು ಬಂತು, ಹೋಯಿತು; ಮತ್ತೆ ಬಂತು. ಎರಡು ಕಣ್ಣೂ ಚೆನ್ನಾಗಿರುವ ಅವರು, ಎದುರಿಗೆ ಉರಿಯುವ ದೀಪವನ್ನು ನೋಡುತ್ತ, ಕಾಲೆತ್ತಲಾರದೆ ನಿಂತಿದ್ದರು. "ಮೇಡಂ, ಪಕ್ಕದವರು ಹೊರಟ್ರು. ಬನ್ನಿ" ಎಂದು ನಾನೇ ಮುಂದಾದೆ. ಆಚೆ ಬದಿ ಸೇರಿ ನಿಲ್ದಾಣಕ್ಕೆ ಬಂದೆವು. ಬಸ್ಸು ಬಂದಾಗ, "ನಾನಿನ್ನು ರಸ್ತೆ ಪಾಠ ಮಾಡಲ್ಲ ಕಣಮ್ಮ. ಮಂಡಳಿಯೋರು ಒಪ್ಪಿದ್ರೂ ಮಾಡಲ್ಲ" ಎಂದರು. ಅವರ ಚೀಲವನ್ನು ಅವರ ಕೈಗಿತ್ತು ಬಸ್ಸು ಹತ್ತಿಸಿದೆ.

ಅವರನ್ನು ಮತ್ತೆ ರಸ್ತೆಗೆ ತಂದವನು ಓಟಗಾರನೇ. ಕಾಲು ಕೂಡಿ, ಊರುಗೋಲಿನಲ್ಲಿ ಓಡಾಡುವಂತಾದ ಕೂಡಲೇ ತಂದೆಯನ್ನು ಹೊರಡಿಸಿಕೊಂಡು ಕೇಂದ್ರಕ್ಕೆ ಬಂದ. ನನ್ನ ತರಗತಿಯ ಪಕ್ಕದಲ್ಲೇ ನಿಲ್ಲಮ್ಮನವರ ಕೋಣೆ. ಮಾತೆಲ್ಲ ನನಗೆ ಕೇಳಿಸುತ್ತಿತ್ತು.

"ಮೇಡಂ, ಆ ಚೌಕ ನನಗೆ ಬಾಕಿ ಇದೆ" ಎಂದ.

"ಅಂಗಳದಲ್ಲಿ ಅಭ್ಯಾಸ ಮಾಡಪ್ಪ. ಕಾಲು ಗಟ್ಟಿಯಾಗಲಿ."

"ಕಾಲು ಗಟ್ಟಿಯಾಗಿದೆ. ನೀವು ಗಟ್ಟಿಯಾಗಿ."

"ನೋಡಿದ್ರಾ ಮೇಡಂ?" ಎಂದರು ತಂದೆ. "ಮನೇಲೂ ಇದೇ ಹಾಡು. ಇನ್ನೊಂದು ಕಾಲೂ ಮುರ್ಕೊಂಡ್ರೇನೇ ಇವನಿಗೆ ಸಮಾಧಾನ. ನೀವಾದ್ರೂ ಬುದ್ಧಿ ಹೇಳಿ."

"ಅಪ್ಪಾ, ಹಿಂದೊಂದು ಸಲ ನಿಮ್ಮ ಬಸ್ಸಿಗೆ ಲಾರಿ ಗುದ್ದಿ ನಿಮ್ಮ ಭುಜ ಮುರೀತಲ್ಲ. ಪಟ್ಟಿ ಬಿಚ್ಚಿದ ವಾರಾನೇ ಬಸ್ಸು ಹತ್ತಲಿಲ್ವಾ ನೀವು?"

"ಅದು ನನ್ನ ಕೆಲಸ ಕಣೋ."

"ನಡೆಯೋದು ನನ್ನ ಕೆಲಸ."

ಕೊನೆಗೆ ತಂದೆ ಕೇಳಿದರು: "ಮೇಡಂ, ನಿಜ ಹೇಳಿ. ನಿಮಗೆ ಹೆದರಿಕೆಯಾಗ್ತಿದೆಯಾ?"

"ಆಗ್ತಿದೆ" ಎಂದರು ನಿಲ್ಲಮ್ಮನವರು. "ಆವತ್ತಿಂದ ನಾನೇ ಸರಿಯಾಗಿ ರಸ್ತೆ ದಾಟ್ತಾ ಇಲ್ಲ."

"ಹಾಗಾದ್ರೆ ಸರಿ" ಎಂದರು ಆ ಚಾಲಕರು. "ಹೆದರಿಕೆ ಇಲ್ಲದೋರ ಕೈಗೆ ನಮ್ಮ ಡಿಪೋದಲ್ಲಿ ಬಸ್ಸು ಕೊಡಲ್ಲ. ನಾನೂ ಮಗನ್ನ ಕೊಡ್ತಿರಲಿಲ್ಲ."

ನಿಲ್ಲಮ್ಮನವರು ಅತ್ತದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

ಮುಂದಿನದು ಹಲವು ತಿಂಗಳ ಕೆಲಸ. ಚಾಲಕರು ತಾವೇ ಆಡಳಿತ ಮಂಡಳಿಯ ಮುಂದೆ ಹೋಗಿ, ಗಾಯಗೊಂಡವನ ತಂದೆಯಾಗಿ ತಮಗಿಲ್ಲದ ಆಕ್ಷೇಪಣೆ ಬೇರೆಯವರಿಗೇಕೆಂದು ಕೇಳಿ ಅನುಮತಿ ತಂದರು. ರಜೆಯ ದಿನಗಳಲ್ಲಿ ಅವರು, ಓಟಗಾರ ಮತ್ತು ನಿಲ್ಲಮ್ಮನವರು ಚೌಕದ ಮೂಲೆಯಲ್ಲಿ ಕೂರುತ್ತಿದ್ದರು. ಒಬ್ಬರು ನೋಡುವವರು, ಒಬ್ಬ ಕೇಳುವವನು, ಒಬ್ಬರು ವಾಹನದೊಳಗಿನ ಮನುಷ್ಯನ ಮನಸ್ಸು ಬಲ್ಲವರು. ತಿರುಗುವ ಚಾಲಕನ ಕಣ್ಣು ಎದುರಿನಿಂದ ಬರುವ ವಾಹನಗಳ ನಡುವೆ ಸಂದು ಹುಡುಕುತ್ತಿರುತ್ತದೆ, ಕಾಲ್ನಡಿಗೆಯವನು ಮೊದಲೇ ರಸ್ತೆಯ ಮೇಲಿದ್ದರೆ ಕಣ್ಣಿಗೆ ಬೀಳುತ್ತಾನೆ, ಅದೇ ಗಳಿಗೆಯಲ್ಲಿ ಇಳಿದರೆ ಬೀಳುವುದಿಲ್ಲ ಎಂದು ಚಾಲಕರು ಹೇಳಿದರು. ಇದನ್ನು ಹೊತ್ತು ನಿಲ್ಲಮ್ಮನವರು ರಸ್ತೆ ಇಲಾಖೆಗೆ ಹೋದರು. ಅಲ್ಲಿನ ಎಂಜಿನಿಯರ್ ಒಬ್ಬ ಯುವತಿ. ಆಕೆ ಮಾತು ಪೂರ್ತಿ ಕೇಳಿ, ಮರುದಿನ ಚೌಕಕ್ಕೆ ಬಂದು, ತಾನೇ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಅಂಚಿನಲ್ಲಿ ನಿಂತಳು. ಪರಿಹಾರವನ್ನು ಸೂಚಿಸಿದವಳೂ ಆಕೆಯೇ: ನಡೆಯುವವರಿಗೆ ಮೊದಲು ಹಸಿರು, ಅವರು ಒಂದಷ್ಟು ದೂರ ಹೋದ ಮೇಲೆ ವಾಹನಗಳಿಗೆ. ಆದರೆ ಹಾಗೆ ಮಾಡಿದರೆ ಪಕ್ಕದ ಸಾಲು ಹೊರಡುವ ಸದ್ದು ತಡವಾಗುತ್ತದೆ. ಕಣ್ಣಿಲ್ಲದವರಿಗೆ ತಮ್ಮ ಹಸಿರು ಬಂದದ್ದೇ ತಿಳಿಯುವುದಿಲ್ಲ. ಅದಕ್ಕಾಗಿ ಕಂಬಕ್ಕೊಂದು ಸದ್ದಿನ ಪೆಟ್ಟಿಗೆ. ಹಸಿರಿದ್ದಾಗ ಅದು ಟಕಟಕ ಎನ್ನಬೇಕು.

ಪೆಟ್ಟಿಗೆ ಬಂತು. ಬಂದ ವಾರದಲ್ಲೇ ಅದರ ದನಿ ಇದ್ದಕ್ಕಿದ್ದಂತೆ ನೆಗಡಿಯಾದವರಂತೆ ಕಟ್ಟಿಕೊಂಡಿತು. ಹೋಗಿ ನೋಡಿದರೆ ಯಾರೋ ಅದಕ್ಕೆ ಹಳೆಯ ಕಂಬಳಿ ಸುತ್ತಿ, ಹಗ್ಗ ಬಿಗಿದು, ಅಚ್ಚುಕಟ್ಟಾಗಿ ಗಂಟು ಹಾಕಿದ್ದರು. ಮೂಲೆಮನೆಯ ಮಹಡಿಯ ಮೇಲೆ ಒಬ್ಬರೇ ವಾಸವಿದ್ದ ಯಜಮಾನರ ಕೆಲಸ ಅದು. ಅವರೇನೂ ಮುಚ್ಚಿಡಲಿಲ್ಲ. "ಹೌದ್ರೀ, ನಾನೇ ಸುತ್ತಿದ್ದು. ಹಗಲು ರಾತ್ರಿ ತಲೆ ಮೇಲೆ ಮರಕುಟಿಗ ಕೂತ ಹಾಗಿದೆ. ನಿಮ್ಮ ಹುಡುಗರಿಗೆ ಕಣ್ಣಿಲ್ಲ ಸರಿ, ನನಗೆ ಕಿವಿ ಇದೆಯಲ್ಲ!" ಎಂದರು.

ನಮಗೆಲ್ಲ ಕೋಪ ಬಂತು. ನಿಲ್ಲಮ್ಮನವರು ಕಂಬಳಿಯನ್ನು ಬಿಚ್ಚಿ, ಮಡಿಸಿ, ಅವರ ಮನೆಗೆ ಕೊಡಲು ಹೋದರು. ಹೋದವರು ಮಧ್ಯಾಹ್ನವಿಡೀ ಬರಲಿಲ್ಲ. ಆ ಯಜಮಾನರ ಮಲಗುವ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಕಿಟಕಿ ತೆರೆದು ಕೂತು ಕೇಳುತ್ತಿದ್ದರಂತೆ. ಸಂಜೆ ಬಂದವರೇ, "ಅವರು ಹೇಳೋದ್ರಲ್ಲಿ ಏನೂ ತಪ್ಪಿಲ್ಲ. ನನಗೇ ತಲೆನೋವು ಬಂತು" ಎಂದು ಎಂಜಿನಿಯರಿಗೆ ಫೋನ್ ಮಾಡಿದರು. ಆಕೆ ಬಂದು ಪೆಟ್ಟಿಗೆಯ ಬಾಯನ್ನು ಕೆಳಕ್ಕೆ, ದಾಟುವವರು ನಿಲ್ಲುವ ಜಾಗಕ್ಕೆ ತಿರುಗಿಸಿದಳು. ಸುತ್ತಲ ಗದ್ದಲ ಏರಿದರೆ ತಾನೂ ಏರಿ, ಗದ್ದಲ ಇಳಿದರೆ ತಾನೂ ಇಳಿಯುವಂತೆ ಅದನ್ನು ಸರಿಪಡಿಸಿದಳು. ಯಜಮಾನರು ಸುಮ್ಮನಾದರು. ಒಂದು ವರ್ಷದ ಮೇಲೆ ಕೇಂದ್ರಕ್ಕೆ ಅವರ ಫೋನು ಬಂದಾಗ ಮತ್ತೇನು ತಕರಾರೋ ಎಂದು ನಾನು ಹೆದರಿಯೇ ಎತ್ತಿಕೊಂಡೆ. "ನಿಮ್ಮ ಮರಕುಟಿಗ ಬೆಳಗಿಂದ ಕೂಗ್ತಿಲ್ಲ. ಯಾರನ್ನೂ ಈ ಕಡೆ ಕಳಿಸಬೇಡಿ, ಮೊದಲು ರಿಪೇರಿ ಮಾಡಿಸಿ. ಅಲ್ಲೀವರೆಗೂ ಬಂದೋರಿಗೆ ಹೇಳೋಕೆ ನಾನೇ ಕೆಳಗೆ ನಿಂತಿರ್ತೀನಿ" ಎಂದರು.

ಓಟಗಾರ ಆ ಚೌಕವನ್ನು ಮತ್ತೆ ದಾಟಿದ ದಿನ ನಾವೆಲ್ಲ ಹೋಗಿದ್ದೆವು. ಅವನ ತಂದೆ ಎದುರು ಬದಿಯಲ್ಲಿ ನಿಂತಿದ್ದರು. ಪೆಟ್ಟಿಗೆ ಟಕಟಕ ಎಂದಿತು; ಅವನ ಕೋಲಿನ ಸದ್ದು, ಸ್ವಲ್ಪ ಎಳೆಯುವ ಬಲಗಾಲಿನ ಸದ್ದು, ಅದರ ಹಿಂದೆ ನಿಲ್ಲಮ್ಮನವರ ಚಪ್ಪಲಿಯ ಸದ್ದು, ಮೂರೂ ನಮ್ಮಿಂದ ದೂರವಾದವು. ಸ್ವಲ್ಪ ಹೊತ್ತಿಗೆ ಪಕ್ಕದ ಸಾಲು ಹೊರಟು ಎಲ್ಲವನ್ನೂ ಮುಚ್ಚಿತು. ನಮಗೆ ಏನೂ ಕೇಳಿಸದಾಯಿತು. ಆಮೇಲೆ ಆಚೆಯಿಂದ, ಸಾಲು ವಾಹನಗಳನ್ನೂ ಮೀರಿಸಿ, ಬಸ್ ಚಾಲಕರ ದನಿ ಬಂತು: "ನಿಧಾನ ಕಣೋ, ಇಲ್ಲೇನು ಗೋಲು ಹೊಡೀಬೇಕಾ?" ಅದರ ಹಿಂದೆಯೇ ಅಪ್ಪ ಮಗ ಇಬ್ಬರ ನಗು.

ಆ ತರುಣ ಇಂದು ನಮ್ಮ ಕೇಂದ್ರದ ನಡಿಗೆಯ ಶಿಕ್ಷಕ. ನಿಲ್ಲಮ್ಮನವರ ಜಾಗಕ್ಕೆ ಬರುತ್ತಿರುವವನು ಅವನೇ. ಕಣ್ಣಿಲ್ಲದವನು ಕಣ್ಣಿಲ್ಲದವರಿಗೆ ರಸ್ತೆ ಕಲಿಸುವುದುಂಟೇ ಎಂದು ಮಂಡಳಿಯಲ್ಲಿ ಪ್ರಶ್ನೆ ಬಂದಾಗ ನಿಲ್ಲಮ್ಮನವರು, "ನನಗೆ ಕಣ್ಣಿತ್ತಲ್ಲ, ವ್ಯಾನು ನಿಂತಿತಾ?" ಎಂದಷ್ಟೇ ಕೇಳಿದರಂತೆ.

ಇಷ್ಟೆಲ್ಲ ದಾರಿ ತೋರಿಸಿದ ಇವರಿಗೆ ಕಟ್ಟಡಗಳ ಒಳಗೆ ದಾರಿ ತಪ್ಪುತ್ತದೆ ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ಪ್ರೀತಿಗೆ ಅಪಚಾರವಾದೀತು. ಯಾವ ಕಚೇರಿಗೆ ಹೋದರೂ ಹೊರಬರುವ ಬಾಗಿಲು ಅವರಿಗೆ ಸಿಗುವುದಿಲ್ಲ. ಎಷ್ಟೋ ಸಲ ನಾನು ಕೋಲು ಕುಟ್ಟಿಕೊಂಡು ಮುಂದೆ, ಅವರು ಕನ್ನಡಕ ಸರಿಪಡಿಸಿಕೊಂಡು ಹಿಂದೆ, ಹೀಗೆ ಮೆಟ್ಟಿಲು ಇಳಿದದ್ದುಂಟು. ಉದ್ಯೋಗದ ಸಂದರ್ಶನಕ್ಕೆ ಹೋಗುವ ವಿದ್ಯಾರ್ಥಿಗಳ ಜೊತೆ ಹಿಂದಿನ ದಿನವೇ ಹೋಗಿ ದಾರಿ ಅಭ್ಯಾಸ ಮಾಡಿಸುತ್ತಿದ್ದರು. ಕೆಲಸ ಸಿಗದೆ ಬಂದವರಿಗೆ ಬುದ್ಧಿವಾದ ಹೇಳದೆ ಚಹಾ ಕುಡಿಸಿ ಕಳಿಸುತ್ತಿದ್ದರು. ನಿಲ್ಲಪ್ಪನವರು ತೀರಿಕೊಂಡಾಗ ಅವರು ರಜೆ ಹಾಕಿದ್ದು ಸ್ವಲ್ಪವೇ ದಿನ. ಮನೆಯಲ್ಲಿ ಗಡಿಯಾರಗಳ ಸದ್ದು ಕೇಳಿ ಕೂರುವುದಕ್ಕಿಂತ ರಸ್ತೆಯ ಸದ್ದೇ ವಾಸಿ ಎಂದು ಮರಳಿ ಬಂದರು. ಆ ವಾರವಿಡೀ ಓಟಗಾರನ ತಂದೆ ಅವರನ್ನು ದಿನವೂ ಮನೆಯವರೆಗೆ ಬಿಟ್ಟುಬಂದರು.

ಈಚೆಗೆ ಊರಿನ ದೊಡ್ಡ ಆಸ್ಪತ್ರೆಯ ಮುಂದೆ ಸಿಗ್ನಲ್ ತೆಗೆದು ವೃತ್ತ ಮಾಡಿದ್ದಾರೆ. ಅಲ್ಲಿ ಯಾವ ಸಾಲೂ ನಿಲ್ಲುವುದಿಲ್ಲ, ಯಾವ ಸಾಲೂ ಹೊರಡುವುದಿಲ್ಲ; ವಾಹನಗಳು ಸುತ್ತುತ್ತಲೇ ಇರುತ್ತವೆ. ಬ್ಯಾಟರಿಯಿಂದ ಓಡುವ ಹೊಸ ಗಾಡಿಗಳಿಗಂತೂ ಸದ್ದೇ ಇಲ್ಲ. ನಮ್ಮ ಇಷ್ಟು ವರ್ಷದ ವಿದ್ಯೆ ಅಲ್ಲಿ ನಡೆಯುವುದಿಲ್ಲ. ನನ್ನ ಮಗಳು ಆ ಆಸ್ಪತ್ರೆಯಲ್ಲಿ ದಾದಿ. ಅವಳನ್ನು ನೋಡಲು ನಾನು ಮೂರು ಬೀದಿ ಬಳಸಿಕೊಂಡು ಹೋಗುತ್ತೇನೆ. ಕಳೆದ ತಿಂಗಳು ಹಾಗೆ ಹೋದಾಗ ಮಗಳು, "ಅಮ್ಮಾ, ನಿಮ್ಮ ಮೇಡಂ ದಿನಾ ಬೆಳಿಗ್ಗೆ ನಮ್ಮ ಗೇಟಿನ ಕಲ್ಲುಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿರ್ತಾರೆ. ಹುಷಾರಿಲ್ವಾ ಅವರಿಗೆ?" ಎಂದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಏನಾದ್ರೂ ಕೇಳಿಸ್ತಾ ಮೇಡಂ?"

"ಬರೀ ಗದ್ದಲ" ಎಂದರು. "ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಕಣಮ್ಮ. ಎಂಜಿನಿಯರ್ ಹುಡುಗೀನ ನಾಳೆ ಬಾ ಅಂದಿದೀನಿ. ರಿಟೈರ್ ಆಗ್ತಿದೀನಲ್ಲ, ಇನ್ನು ಕೂರೋಕೆ ಬೇಕಾದಷ್ಟು ಟೈಮ್ ಇರುತ್ತೆ."

ನಿವೃತ್ತರಾಗುವವರಿಗೆ ವಿಶ್ರಾಂತಿ ದೊರೆಯಲಿ ಎಂದು ಹಾರೈಸುವುದು ವಾಡಿಕೆ. ಅವರಿಗೆ ಅದು ಬೇಕಿಲ್ಲವೆಂದು ಬಲ್ಲ ನಾನು ಹಾಗೆ ಹಾರೈಸುವುದಿಲ್ಲ. ಅವರ ಕಾಲುಗಳು ಗಟ್ಟಿಯಾಗಿರಲಿ, ಕಿವಿಗಳು ಚುರುಕಾಗಿರಲಿ, ಆ ಕಲ್ಲುಬೆಂಚಿಗೆ ನೆರಳಿರಲಿ. ಆ ವೃತ್ತವನ್ನು ದಾಟುವ ಬಗೆ ಅವರಿಗೆ ಖಂಡಿತ ಹೊಳೆಯಲಿ. ಮಗಳ ಬಳಿಗೆ ಮೂರು ಬೀದಿ ಬಳಸಿ ನಡೆಯುವ ನನಗೆ ಅದು ನಾಳೆಯೇ ಹೊಳೆದರೂ ಲಾಭವೇ. ಆದರೂ, ಉತ್ತರ ಸಿಗುವವರೆಗೆ ಅವರು ನಮ್ಮನ್ನು ಬಿಟ್ಟು ಹೋಗುವವರಲ್ಲವಾದ್ದರಿಂದ, ನಮ್ಮೆಲ್ಲರ ಪರವಾಗಿ ಪ್ರಾರ್ಥಿಸುತ್ತೇನೆ: ಉತ್ತರ ತಡವಾಗಿ ಸಿಗಲಿ, ಬಹಳ ತಡವಾಗಿ ಸಿಗಲಿ, ಅಲ್ಲಿಯವರೆಗೆ ನಾನು ಬಳಸು ದಾರಿಯಲ್ಲೇ ಸಂತೋಷದಿಂದ ನಡೆಯುತ್ತೇನೆ.